ಬಾಯ್ಲರ್ ಕೋಣೆಗೆ ಒಂದು ಗಾಳಿಕಿಂಡಿ

ನ್ಯೂಜೆರ್ಸಿಯಲ್ಲಿ ನಾವಿರುವ ಮನೆ 1950ರ ದಶಕದ್ದು. ನೆಲಮಾಳಿಗೆಯ ಒಂದು ಮೂಲೆಯಲ್ಲಿ ಎರಕದ ಕಬ್ಬಿಣದ ಗ್ಯಾಸ್ ಬಾಯ್ಲರ್ ಇದೆ, ಅದರ ಪಕ್ಕದಲ್ಲಿ 40 ಗ್ಯಾಲನ್ನಿನ ಬಿಸಿನೀರಿನ ಟ್ಯಾಂಕು. ಬಾಯ್ಲರ್ ಕಾಯಿಸಿದ ನೀರು ಕೋಣೆ ಕೋಣೆಯ ರೇಡಿಯೇಟರ್‌ಗಳನ್ನು ಸುತ್ತಿ ಬಂದು ಚಳಿಗಾಲವಿಡೀ ಮನೆಯನ್ನು ಬೆಚ್ಚಗಿಡುತ್ತದೆ. ಎರಡು ಉಪಕರಣಗಳ ಹೊಗೆಯೂ ಒಂದೇ ಇಟ್ಟಿಗೆ ಚಿಮಣಿಗೆ ಸೇರುತ್ತದೆ. ಹಿಂದಿನ ಮಾಲೀಕರು ನೆಲಮಾಳಿಗೆಯನ್ನು ವಾಸಕ್ಕೆ ತಕ್ಕಂತೆ ಮಾಡಿಸುವಾಗ ಇವೆರಡರ ಸುತ್ತ ಗೋಡೆ ಎಬ್ಬಿಸಿ, ಗಟ್ಟಿ ಬಾಗಿಲು ಕೂರಿಸಿ, ಅಲ್ಲಿದ್ದ ಒಂದೇ ಕಿಟಕಿಯನ್ನು ಎರಡಂಗುಲದ ಫೋಮ್ ಹಲಗೆಯಿಂದ ಮುಚ್ಚಿಸಿದ್ದರು. ಹಲಗೆಯ ಸುತ್ತಲೂ ಸ್ಪ್ರೇ ಫೋಮ್ ಬೇರೆ. ಚಳಿ ಒಳಗೆ ಬರಬಾರದೆಂಬ ಉದ್ದೇಶ ಈಡೇರಿತ್ತು. ಬೆಂಕಿಗೆ ಬೇಕಾದ ಗಾಳಿಯೂ ಅದರೊಂದಿಗೇ ನಿಂತುಹೋಗಿತ್ತು.

ಗಾಳಿ ಸಾಲುತ್ತಿಲ್ಲ ಎಂಬುದಕ್ಕೆ ಸಾಕ್ಷಿ ಟ್ಯಾಂಕಿನ ನೆತ್ತಿಯ ಮೇಲೆಯೇ ಇತ್ತು. ಟ್ಯಾಂಕಿನಿಂದ ಮೇಲೇಳುವ ಹೊಗೆಕೊಳವೆಯ ಬುಡದಲ್ಲಿ ಡ್ರಾಫ್ಟ್ ಹುಡ್ ಎಂಬ ತಗಡಿನ ಟೋಪಿ ಇರುತ್ತದೆ. ಟೋಪಿಗೂ ಟ್ಯಾಂಕಿಗೂ ನಡುವೆ ನಾಲ್ಕು ಬೆರಳಿನಷ್ಟು ತೆರಪು. ಹೊಗೆ ಮೇಲೇರುವಾಗ ಕೋಣೆಯ ಗಾಳಿಯೂ ಆ ತೆರಪಿನಿಂದ ಒಳಸೇರಿ ಜೊತೆಯಲ್ಲೇ ಚಿಮಣಿಗೆ ಹೋಗಬೇಕು. ನಮ್ಮಲ್ಲಿ ಆ ಟೋಪಿಯ ಅಂಚಿನುದ್ದಕ್ಕೂ ಕಿತ್ತಳೆ ಬಣ್ಣದ ತುಕ್ಕು ಪುಡಿಪುಡಿಯಾಗಿ ನಿಂತಿತ್ತು. ಪಕ್ಕದಲ್ಲಿ ನೀರಿನ ಕೊಳವೆ ಟ್ಯಾಂಕಿಗೆ ಇಳಿಯುವಲ್ಲಿದ್ದ ಪ್ಲಾಸ್ಟಿಕ್ ಬಳೆ ಒಂದು ಕಡೆಗೆ ಕರಗಿ ವಾಲಿತ್ತು. ಮೇಲೇರಬೇಕಾದ ಬಿಸಿ ಹೊಗೆ ಕೆಳಕ್ಕೆ ಮಗುಚಿ ಹೊರಚೆಲ್ಲದೆ ಆ ಪ್ಲಾಸ್ಟಿಕ್ ಕರಗಲು ಬೇರೆ ಕಾರಣವೇ ಇಲ್ಲ. ಗ್ಯಾಸ್ ಬಾಯ್ಲರ್ ಅಥವಾ ಟ್ಯಾಂಕು ಇರುವ ಮನೆಗೆ ಹೊಸದಾಗಿ ಬಂದವರೆಲ್ಲ ಮೊದಲ ವಾರದಲ್ಲೇ ಟಾರ್ಚ್ ಹಿಡಿದು ಈ ಎರಡು ಗುರುತುಗಳನ್ನು ಹುಡುಕಬೇಕು ಎಂದು ಒತ್ತಿ ಹೇಳುತ್ತೇನೆ.

ತುಕ್ಕು ಎಲ್ಲಿಂದ ಬಂತು ಎಂದರೆ, ಗ್ಯಾಸ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಗಂಟೆಗೆ 1,00,000 ಬಿಟಿಯು (ಇಲ್ಲಿ ಶಾಖವನ್ನು ಅಳೆಯುವ ಮಾನ) ಉರಿಸುವ ಬಾಯ್ಲರ್ ಒಂದು ಗಂಟೆ ಬಿಡದೆ ಉರಿದರೆ ಅದರ ಹೊಗೆಯಲ್ಲಿ ನಾಲ್ಕು ಲೀಟರಿಗೂ ಹೆಚ್ಚು ನೀರು ಆವಿಯ ರೂಪದಲ್ಲಿರುತ್ತದೆ. ಅದು ಚಿಮಣಿಯಲ್ಲಿ ಹೊರಟುಹೋದರೆ ತೊಂದರೆಯಿಲ್ಲ. ಕೋಣೆಯೊಳಗೇ ಚೆಲ್ಲಿದರೆ ತಣ್ಣನೆಯ ತಗಡು, ಗಾಜು, ಗೋಡೆ ಸಿಕ್ಕಲ್ಲಿ ಕೂರುತ್ತದೆ. ಆ ಆವಿಯ ಜೊತೆಗೆ ಬರುವ ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು ಬಂದಾಗ ಜನ ಶೀತವೆಂದು ಮಲಗಿಬಿಡುತ್ತಾರೆ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಲು ನನಗೆ ಮನಸ್ಸು ಬಾರದಿದ್ದುದು ಇದಕ್ಕೇ.

ಮೊದಲು ಲೆಕ್ಕ. ಬಾಯ್ಲರಿನ ಹೊಟ್ಟೆಯ ಮೇಲಿನ ಫಲಕದಲ್ಲಿ ಗಂಟೆಗೆ 1,00,000 ಬಿಟಿಯು ಎಂದಿದೆ, ಟ್ಯಾಂಕಿನ ಮೇಲೆ 40,000. ಫಲಕದಲ್ಲಿ ಎರಡು ಅಂಕಿಗಳಿರುತ್ತವೆ. ಗಾಳಿಯ ಲೆಕ್ಕಕ್ಕೆ ಬೇಕಾದದ್ದು ನೀರಿಗೆ ಸೇರುವ ಶಾಖದ ಅಂಕಿಯಲ್ಲ, ಉರಿಯುವ ಗ್ಯಾಸಿನದು. ಎರಡೂ ಸೇರಿ 1,40,000. ನೈಸರ್ಗಿಕ ಅನಿಲದ ಒಂದು ಘನ ಅಡಿಯಲ್ಲಿ ಸುಮಾರು 1,000 ಬಿಟಿಯು ಶಾಖವಿರುವುದರಿಂದ ಇದು ಗಂಟೆಗೆ 140 ಘನ ಅಡಿ ಗ್ಯಾಸ್. ಒಂದು ಘನ ಅಡಿ ಗ್ಯಾಸ್ ಪೂರ್ತಿ ಉರಿಯಲು ಪುಸ್ತಕದ ಪ್ರಕಾರ 10 ಘನ ಅಡಿ ಗಾಳಿ ಸಾಕು. ಆದರೆ ಬರ್ನರ್ ತೆಗೆದುಕೊಳ್ಳುವ ಹೆಚ್ಚುವರಿ ಗಾಳಿ, ಡ್ರಾಫ್ಟ್ ಹುಡ್‌ನ ತೆರಪಿನಲ್ಲಿ ಸೇರುವ ಗಾಳಿ ಎಲ್ಲವನ್ನೂ ಕೂಡಿಸಿದರೆ ಚಿಮಣಿಗೆ ಹೋಗುವುದು ಸುಮಾರು 30 ಘನ ಅಡಿ. ಹೀಗೆ ಎರಡೂ ಒಟ್ಟಿಗೆ ಉರಿದಾಗ ಗಂಟೆಗೆ 4,200 ಘನ ಅಡಿ ಗಾಳಿ ಆ ಕೋಣೆಯಿಂದ ಹೊರಹೋಗಬೇಕು, ಅಷ್ಟೇ ಒಳಬರಬೇಕು. ನಮ್ಮ ಬಾಯ್ಲರ್ ಕೋಣೆ 8 ಅಡಿಗೆ 10 ಅಡಿ, ಎತ್ತರ ಏಳೂವರೆ. ಅಂದರೆ 600 ಘನ ಅಡಿ. ಗಂಟೆಗೆ ಏಳು ಸಲ ಆ ಕೋಣೆ ತುಂಬಿ ಬರಿದಾಗಬೇಕು. ಇದ್ದದ್ದು ಬಾಗಿಲಿನ ಕೆಳಗಿನ ಸೀಳು ಮಾತ್ರ.

ಇಲ್ಲಿನ ಇಂಧನ ಅನಿಲ ನಿಯಮಾವಳಿ 1,000 ಬಿಟಿಯುಗೆ 50 ಘನ ಅಡಿ ಜಾಗ ಇರಬೇಕೆನ್ನುತ್ತದೆ. ನಮ್ಮ ಬೆಂಕಿಗೆ 7,000 ಘನ ಅಡಿ. ಇಡೀ ನೆಲಮಾಳಿಗೆಯನ್ನು ಅಳೆದರೆ 26 ಅಡಿಗೆ 36 ಅಡಿ, ಎತ್ತರ ಏಳೂವರೆ: 7,020 ಘನ ಅಡಿ. ನೆಲಮಾಳಿಗೆ ಒಂದೇ ಬಯಲು ಕೋಣೆಯಾಗಿದ್ದು, ಸಡಿಲವಾದ ಹಳೆಯ ಕಿಟಕಿಗಳು ಗಾಳಿ ಬಿಡುತ್ತಿದ್ದ ಕಾಲದಲ್ಲಿ ಲೆಕ್ಕ ಹೇಗೋ ಸರಿಹೋಗುತ್ತಿತ್ತು. ಗೋಡೆ ಎದ್ದ ದಿನವೇ ಅದು ತಪ್ಪಿತು. ಆ ಗೋಡೆ ಎಬ್ಬಿಸಿದ ಕೆಲಸಗಾರರಲ್ಲಿ ಯಾರಾದರೂ ಒಬ್ಬರು ಫಲಕದ ಅಂಕಿ ಓದಿ ಗುಣಿಸಿ ನೋಡಬಹುದಿತ್ತು ಎಂದು ಈಗಲೂ ಬೇಸರವಾಗುತ್ತದೆ.

ಲೆಕ್ಕವೊಂದನ್ನೇ ನಂಬಿ ಗೋಡೆ ಕೊರೆಯುವುದು ಬೇಡವೆಂದು ಮೊದಲು ಪರೀಕ್ಷೆ ಮಾಡಿದೆ. ಮನೆಗೆ ಅತಿ ಕೆಟ್ಟ ಸ್ಥಿತಿಯನ್ನು ಬೇಕೆಂದೇ ತಂದುಕೊಂಡು ಹೊಗೆ ಎತ್ತ ಹೋಗುತ್ತದೆಂದು ನೋಡುವ ಪರೀಕ್ಷೆ ಇದು. ಹೊರಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಬೇಕು. ಅಡುಗೆಮನೆಯ ಹುಡ್ (ಒಲೆಯ ಮೇಲಿನ ಹೊಗೆ ಹೀರುವ ಫ್ಯಾನ್), ಬಚ್ಚಲಿನ ಫ್ಯಾನ್‌ಗಳು, ಬಟ್ಟೆ ಒಣಗಿಸುವ ಯಂತ್ರ ಎಲ್ಲವನ್ನೂ ಚಾಲೂ ಮಾಡಬೇಕು. ಬಟ್ಟೆಯ ಯಂತ್ರವೊಂದೇ ನಿಮಿಷಕ್ಕೆ 150ರಿಂದ 200 ಘನ ಅಡಿ ಗಾಳಿಯನ್ನು ಮನೆಯಿಂದ ಹೊರಗೆ ಊದುತ್ತದೆ. ಅಡುಗೆಮನೆಯ ಹುಡ್ ಅದಕ್ಕಿಂತ ಜೋರು, ಅದೂ ಒಗ್ಗರಣೆ, ದೋಸೆಯೆಂದು ದಿನವೂ ಪೂರ್ತಿ ವೇಗದಲ್ಲಿ ಓಡಿಸುವ ನಮ್ಮಂಥವರ ಮನೆಗಳಲ್ಲಿ. ಹೊರಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಲೇಬೇಕು. ಬಿಗಿಯಾದ ಮನೆಯಲ್ಲಿ ಅದಕ್ಕೆ ಸಿಗುವ ಅತಿ ಸಲೀಸಾದ ದಾರಿ ಚಿಮಣಿಯೇ. ಮೇಲಕ್ಕೆ ಹೋಗಬೇಕಾದ ಗಾಳಿ ಆಗ ಕೆಳಕ್ಕಿಳಿಯತೊಡಗುತ್ತದೆ.

ಇಂಥ ಚಿಮಣಿಯ ಸೆಳೆತ ಎಷ್ಟು ದುರ್ಬಲ ಎಂಬುದನ್ನು ಅಂಕಿಯಲ್ಲಿ ನೋಡಿದರೆ ಆಶ್ಚರ್ಯವಾಗುತ್ತದೆ. ಚೆನ್ನಾಗಿ ಬಿಸಿಯಾದ ಚಿಮಣಿ ಹೊಗೆಯನ್ನು ಎಳೆಯುವುದು ಸುಮಾರು 5ರಿಂದ 10 ಪ್ಯಾಸ್ಕಲ್ ಒತ್ತಡದಲ್ಲಿ. ಐದು ಪ್ಯಾಸ್ಕಲ್ ಎಂದರೆ ಅರ್ಧ ಮಿಲಿಮೀಟರ್ ಎತ್ತರದ ನೀರು ಹಾಕುವಷ್ಟು ಒತ್ತಡ. ನನ್ನ ಡಿಜಿಟಲ್ ಒತ್ತಡಮಾಪಕದ ಒಂದು ರಬ್ಬರ್ ನಳಿಕೆಯನ್ನು ಹೊರಗೆ ಬಿಟ್ಟು, ಎಲ್ಲ ಫ್ಯಾನ್ ಓಡಿಸಿ ನೋಡಿದಾಗ ನೆಲಮಾಳಿಗೆ ಹೊರಗಿನ ಒತ್ತಡಕ್ಕಿಂತ 6 ಪ್ಯಾಸ್ಕಲ್ ಕೆಳಗೆ ಇಳಿದಿತ್ತು. ತಣ್ಣಗಿರುವ ಚಿಮಣಿ ಈ ಹಗ್ಗಜಗ್ಗಾಟದಲ್ಲಿ ಗೆಲ್ಲುವುದು ಸಾಧ್ಯವೇ ಇಲ್ಲ.

ಹೊಗೆಯ ದಿಕ್ಕು ತಿಳಿಯಲು ಇಲ್ಲಿನ ತಂತ್ರಜ್ಞರು ಹೊಗೆ ಉಗುಳುವ ಚಿಕ್ಕ ಪೆನ್ನು ಬಳಸುತ್ತಾರೆ. ನಾನು ದೇವರ ಮನೆಯ ಊದುಬತ್ತಿ ಹಚ್ಚಿದೆ, ಅದಕ್ಕಿಂತ ಒಳ್ಳೆಯ ಸಾಧನ ಬೇಕಾಗಿಲ್ಲ. ಕೈಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮಾಪಕ ಹಿಡಿದು, 35 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 35 ಭಾಗ) ದಾಟಿದರೆ ಎಲ್ಲವನ್ನೂ ಆರಿಸಿ ಹೊರಗೆ ಹೋಗುವುದೆಂದು ನಿಶ್ಚಯಿಸಿಕೊಂಡೇ ಶುರುಮಾಡಿದ್ದು. ಮಾಪಕವಿಲ್ಲದೆ ಈ ಪರೀಕ್ಷೆಗೆ ಯಾರೂ ಕೈಹಾಕಬಾರದು. ಬರ್ನರ್ ಹೊತ್ತಿಕೊಂಡ ಮೊದಲ ಒಂದೆರಡು ನಿಮಿಷ ಹೊಗೆ ಸ್ವಲ್ಪ ಹೊರಚೆಲ್ಲುವುದು ಸಹಜ, ತಣ್ಣನೆಯ ಚಿಮಣಿ ಬಿಸಿಯಾಗಬೇಕಲ್ಲ. ಐದು ನಿಮಿಷದ ನಂತರವೂ ಚೆಲ್ಲುತ್ತಿದ್ದರೆ ಅದು ಅಪಾಯ. ಐದು ನಿಮಿಷ ಕಳೆದ ಮೇಲೆ ಊದುಬತ್ತಿಯನ್ನು ಟ್ಯಾಂಕಿನ ತಗಡು ಟೋಪಿಯ ಅಂಚಿಗೆ ಹಿಡಿದೆ. ಬಿಳಿಯ ಎಳೆ ನೆಟ್ಟಗೆ ಮೇಲೆದ್ದು, ತೆರಪಿನ ಬಾಯಿಯ ಹತ್ತಿರ ಬಂದು, ಒಳಹೋಗದೆ ಅಲ್ಲೇ ಒಮ್ಮೆ ನಡುಗಿ ನನ್ನ ಮುಖದ ಕಡೆಗೆ ತಿರುಗಿತು. ಕನ್ನಡಕ ತೆಗೆದು ಅಲ್ಲಿ ಹಿಡಿದರೆ ಗಾಜಿನ ತುಂಬ ಮಂಜು. ಅಜ್ಜಿಯ ಮನೆಯ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡ ಕೂಡಲೇ ಹಂಡೆಯ ಒಲೆ ಹೊಗೆಯನ್ನು ಹಿಂದಕ್ಕೆ ಕಾರುತ್ತಿದ್ದುದು ಹೀಗೆಯೇ. ಅಲ್ಲಿ ಕಣ್ಣುರಿ ನಮ್ಮನ್ನು ಎಚ್ಚರಿಸುತ್ತಿತ್ತು, ಗ್ಯಾಸಿನಲ್ಲಿ ಕಣ್ಣುರಿಯೂ ಇಲ್ಲ. ಮಾಪಕ ಇಪ್ಪತ್ತು ದಾಟಿ ಏರುತ್ತಿದ್ದಂತೆಯೇ ಎಲ್ಲವನ್ನೂ ಆರಿಸಿ ಬಾಗಿಲು ತೆರೆದೆ. ಕಿಟಕಿಯ ಫೋಮ್ ಹಲಗೆಯನ್ನು ಕಿತ್ತು ಹಾಕಿದ್ದು ಅಂದೇ. ಹೊಸ ವ್ಯವಸ್ಥೆ ಸಿದ್ಧವಾಗುವವರೆಗೆ ಆ ಕಿಟಕಿ ತೆರೆದೇ ಇತ್ತು.

ದಾರಿಗಳು ಹಲವಿದ್ದವು. ಎಲ್ಲಕ್ಕಿಂತ ಸುಲಭವಾದದ್ದು ಬಾಗಿಲಿನಲ್ಲಿ ಮೇಲೊಂದು ಕೆಳಗೊಂದು ಜಾಲಂಧ್ರ ಕೂರಿಸಿ ನೆಲಮಾಳಿಗೆಯ ಗಾಳಿಯನ್ನೇ ಕೊಡುವುದು. ಅದಕ್ಕೆ 1,000 ಬಿಟಿಯುಗೆ ಒಂದು ಚದರ ಅಂಗುಲದಂತೆ ಪ್ರತಿ ಜಾಲಂಧ್ರಕ್ಕೂ 140 ಚದರ ಅಂಗುಲ ಬಿಡುವು ಬೇಕು. ಆದರೆ ಈ ಮನೆ ಈಗ ಎಷ್ಟು ಬಿಗಿಯಾಗಿದೆಯೆಂದರೆ, ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಅಳೆಸಿದಾಗ ತಾಸಿಗೆ ಬದಲಾಗುವ ಗಾಳಿ ಮನೆಯ ಒಟ್ಟು ಗಾಳಿಯ 0.40 ಪಟ್ಟಿಗಿಂತ ಕಡಿಮೆ ಬಂತು. ಅಷ್ಟು ಬಿಗಿಯಾದ ಮನೆಗೆ 50 ಘನ ಅಡಿಯ ಲೆಕ್ಕವೇ ಅನ್ವಯಿಸುವುದಿಲ್ಲ. ನಿಯಮ ಹಾಗಿರಲಿ, ಮಕ್ಕಳು ಕುಳಿತು ಓದುವ ಕೋಣೆಯ ಗಾಳಿಯನ್ನೂ ಬೆಂಕಿಯ ಗಾಳಿಯನ್ನೂ ಒಂದು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಬಾಯ್ಲರನ್ನೇ ಬದಲಾಯಿಸಿ, ಹೊರಗಿನಿಂದ ಒಂದು ಕೊಳವೆಯಲ್ಲಿ ಗಾಳಿ ತೆಗೆದುಕೊಂಡು ಇನ್ನೊಂದರಲ್ಲಿ ಹೊಗೆ ಬಿಡುವ ಮುಚ್ಚಿದ ಬರ್ನರಿನ ಹೊಸ ಮಾದರಿ ಹಾಕಿಸುವುದು ಎಲ್ಲಕ್ಕಿಂತ ಉತ್ತಮ. ಕೈಯಲ್ಲಿ ಹಣವಿದ್ದವರಿಗೆ ನಾನು ಹೇಳುವುದೂ ಅದನ್ನೇ. ಆದರೆ ಅದರಲ್ಲಿ ಒಂದು ತೊಡಕಿದೆ. ಬಾಯ್ಲರ್ ಚಿಮಣಿ ಬಿಟ್ಟುಹೋದರೆ ಬಿಸಿನೀರಿನ ಟ್ಯಾಂಕು ಒಂಟಿಯಾಗಿ ಉಳಿಯುತ್ತದೆ. ಎರಡಕ್ಕೆಂದು ಕಟ್ಟಿದ ದೊಡ್ಡ ಇಟ್ಟಿಗೆ ಚಿಮಣಿಯನ್ನು ಟ್ಯಾಂಕಿನ ಸಣ್ಣ ಬೆಂಕಿ ಬಿಸಿಮಾಡಲಾರದು. ಹೊಗೆ ಅರ್ಧದಲ್ಲೇ ತಣಿದು, ನೀರಾಗಿ ಇಳಿದು, ಗಾರೆಯನ್ನು ತಿನ್ನುತ್ತದೆ. ಆಗ ಚಿಮಣಿಯೊಳಗೆ ಕಿರಿದಾದ ಲೋಹದ ಕೊಳವೆ ಇಳಿಸಬೇಕು. ನಮ್ಮ ಬಾಯ್ಲರಿನ ಎರಕ ಇನ್ನೂ ಗಟ್ಟಿಯಾಗಿರುವಾಗ ಇಷ್ಟೆಲ್ಲ ಖರ್ಚು ಈಗ ಬೇಡವೆನಿಸಿತು.

ಆದ್ದರಿಂದ ಹೊರಗಿನ ಗಾಳಿಗೆ ಒಂದು ಶಾಶ್ವತ ಕಿಂಡಿ ಮಾಡುವುದೆಂದು ತೀರ್ಮಾನಿಸಿದೆ. ಒಂದೇ ಕಿಂಡಿಯಾದರೆ 3,000 ಬಿಟಿಯುಗೆ ಒಂದು ಚದರ ಅಂಗುಲ, ಅಂದರೆ ಸುಮಾರು 47 ಚದರ ಅಂಗುಲ. ಅದು ಚಾವಣಿಯಿಂದ 12 ಅಂಗುಲದೊಳಗೆ ಇರಬೇಕು, ಎರಡೂ ಹೊಗೆಕೊಳವೆಗಳ ಒಟ್ಟು ವಿಸ್ತಾರಕ್ಕಿಂತ ಕಡಿಮೆಯಿರಬಾರದು. ಬಾಯ್ಲರಿನದು 6 ಅಂಗುಲ, ಟ್ಯಾಂಕಿನದು 4 ಅಂಗುಲದ ಕೊಳವೆ. ಸೇರಿಸಿದರೆ 41 ಚದರ ಅಂಗುಲ. ಉಪಕರಣಗಳ ಪಕ್ಕ ಮತ್ತು ಹಿಂದೆ ಒಂದಂಗುಲ, ಮುಂದೆ ಆರಂಗುಲ ಜಾಗ ಬೇಕೆಂಬ ಷರತ್ತೂ ಪೂರೈಸಿತು.

47 ಚದರ ಅಂಗುಲವೆಂದರೆ 8 ಅಂಗುಲ ವ್ಯಾಸದ ಕೊಳವೆ ಸಾಕು ಎನಿಸುತ್ತದೆ, ಅದರ ವಿಸ್ತಾರ 50. ಆದರೆ ಹೊರಬಾಯಿಗೆ ಜಾಲರಿ ಬೇಕು, ಇಲ್ಲವಾದರೆ ಅಳಿಲು, ಹಕ್ಕಿ ಗೂಡು ಕಟ್ಟುತ್ತವೆ. ಕಾಲು ಅಂಗುಲಕ್ಕಿಂತ ಸಣ್ಣ ಕಣ್ಣಿನ ಜಾಲರಿಯನ್ನು ನಿಯಮ ಒಪ್ಪುವುದಿಲ್ಲ, ಸೊಳ್ಳೆ ಪರದೆಯಂಥದ್ದು ಒಂದೇ ಋತುವಿನಲ್ಲಿ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಕಾಲು ಅಂಗುಲದ ಜಾಲರಿಯ ತಂತಿ ಕೂಡ ಜಾಗ ತಿನ್ನುತ್ತದೆ. ತಂತಿಯ ದಪ್ಪ ಅಳೆದು ಲೆಕ್ಕ ಹಾಕಿದಾಗ ಬಿಡುವು ಉಳಿದದ್ದು ನೂರಕ್ಕೆ 81. ಎಂಟಂಗುಲದ ಕೊಳವೆಯ 50ರಲ್ಲಿ ನಿಜವಾಗಿ ಸಿಗುವುದು 41 ಮಾತ್ರ. ಕಿಂಡಿ ಇದ್ದೂ ಗಾಳಿ ಸಾಲದ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲಿಯೇ. ಜಾಲಂಧ್ರದ ಪಟ್ಟಿಗಳು ಇನ್ನೂ ಹೆಚ್ಚು ತಿನ್ನುತ್ತವೆ: ತಯಾರಕರು ಅಂಕಿ ಕೊಡದಿದ್ದರೆ ಲೋಹದ ಜಾಲಂಧ್ರಕ್ಕೆ ನೂರಕ್ಕೆ 75, ಮರದ್ದಕ್ಕೆ ಬರೀ 25 ಎಂದು ಹಿಡಿಯಬೇಕು. ನಾನು 10 ಅಂಗುಲದ ಕೊಳವೆ ಆರಿಸಿಕೊಂಡೆ. ಜಾಲರಿ ಕಳೆದು 63 ಚದರ ಅಂಗುಲಕ್ಕೂ ಹೆಚ್ಚು ಬಿಡುವು. ಎಲೆ, ಧೂಳು ಕೂತರೂ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ.

ಪಟ್ಟಣದ ಕಟ್ಟಡ ವಿಭಾಗದಲ್ಲಿ ಪರವಾನಗಿ ತೆಗೆದುಕೊಂಡೇ ಕೆಲಸ ಶುರುಮಾಡಿದೆ. ಗ್ಯಾಸ್ ಕೊಳವೆಯನ್ನಾಗಲಿ ಬರ್ನರನ್ನಾಗಲಿ ನಾನು ಮುಟ್ಟಲಿಲ್ಲ. ತಗಡು, ಮರ, ಮೊಳೆಯ ಕೆಲಸವಷ್ಟೇ ನನ್ನದು.

ಹಳೆಯ ಕಿಟಕಿಯ ತೆರಪು ಸಿದ್ಧವಾಗಿ ಸಿಕ್ಕಿದ್ದರಿಂದ ತಳಪಾಯದ ಗೋಡೆ ಒಡೆಯುವ ಅಗತ್ಯ ಬೀಳಲಿಲ್ಲ. ಉಕ್ಕಿನ ಚೌಕಟ್ಟಿನ ಮೇಲೆ ಉಳಿದ ಫೋಮ್ ಕೆರೆದು, ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಸತುವಿನ ಪ್ರೈಮರ್ ಬಳಿದೆ. ಮುಕ್ಕಾಲು ಅಂಗುಲದ, ನೀರಿಗೆ ಕೊಳೆಯದಂತೆ ಸಂಸ್ಕರಿಸಿದ ಪ್ಲೈವುಡ್ಡನ್ನು ಚೌಕಟ್ಟಿನ ಅಳತೆಗೆ ಕೊಯ್ದು, ಅದರಲ್ಲಿ ಜಿಗ್ ಗರಗಸದಿಂದ ವೃತ್ತ ಕತ್ತರಿಸಿದೆ. ಸತು ಲೇಪಿತ ತಗಡಿನ ಕೊರಳಪಟ್ಟಿಯ ಒಂದು ಅಂಚನ್ನು ಅಂಗುಲಕ್ಕೊಂದರಂತೆ ಸೀಳಿದರೆ ಹಲ್ಲುಗಳಾಗುತ್ತವೆ. ಪಟ್ಟಿಯನ್ನು ವೃತ್ತದೊಳಗೆ ತೂರಿಸಿ, ಒಂದು ಹಲ್ಲು ಬಿಟ್ಟು ಒಂದನ್ನು ಹಿಂದಕ್ಕೆ ಬಡಿದು ಮಡಚಿ, ಮರಕ್ಕೆ ಸ್ಕ್ರೂ ಹಾಕಿ, ಸುತ್ತ ಸೀಲೆಂಟ್ ತುಂಬಿದೆ. ತಗಡಿನ ಕೆಲಸಕ್ಕೆ ಕೈಗವಸು ಬೇಕೇ ಬೇಕು, ಸೀಳಿದ ಹಲ್ಲು ಚಾಕುವಿಗಿಂತ ಹರಿತ.

ನಮ್ಮ ಕಿಟಕಿ ನೆಲಮಟ್ಟಕ್ಕೆ ಹತ್ತಿರದಲ್ಲಿದೆ. ಕಿಂಡಿಯನ್ನು ಅಲ್ಲೇ ತೆರೆದರೆ ಮೊದಲ ದೊಡ್ಡ ಹಿಮಪಾತಕ್ಕೇ ಹೂತುಹೋಗುತ್ತದೆ. ಈಶಾನ್ಯದ ಬಿರುಗಾಳಿ ಬಂದರೆ ಇಲ್ಲಿ ಒಂದೇ ದಿನ ಎರಡು ಅಡಿ ಹಿಮ ಬೀಳುವುದುಂಟು, ಬಾಯ್ಲರ್ ಅತಿ ಹೆಚ್ಚು ಉರಿಯುವುದೂ ಅಂದೇ. ಆದ್ದರಿಂದ ಹೊರಗೆ ಮೊಣಕೈ ಬಾಗು ಹಾಕಿ, ಕೊಳವೆಯನ್ನು ಗೋಡೆಗಂಟಿಸಿ ಮೇಲೆತ್ತಿ, ಬಾಯಿ ಕೆಳಮುಖವಾಗುವಂತೆ ಬಾಗಿಸಿದೆ. ಬಾಯಿ ನೆಲದಿಂದ ಎರಡೂವರೆ ಅಡಿಗಿಂತ ಎತ್ತರದಲ್ಲಿದೆ. ಪ್ರತಿ ಕೀಲಿಗೂ ಮೂರು ಸ್ಕ್ರೂ, ಮೇಲೆ ಅಲ್ಯೂಮಿನಿಯಂ ಟೇಪು, ಗೋಡೆಗೆ ಎರಡು ಪಟ್ಟಿ. ಬಟ್ಟೆ ಯಂತ್ರದ ಗಾಳಿ, ಕಾರು ನಿಲ್ಲಿಸುವ ಜಾಗ ಎರಡೂ ಮನೆಯ ಆಚೆ ಮಗ್ಗುಲಿನಲ್ಲಿವೆ. ಗ್ಯಾಸ್ ಮೀಟರಿನಿಂದಲೂ ಸಾಕಷ್ಟು ದೂರ. ಹೊರಗಿನ ಗಾಳಿಯೆಂದು ಹೋಗಿ ಕಾರಿನ ಹೊಗೆಯನ್ನು ಒಳಗೆ ತಂದುಕೊಳ್ಳಬಾರದಲ್ಲ.

ಚಳಿಯ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ. ಜನ ಕಿಂಡಿ ಮುಚ್ಚುವುದು ಚಳಿಗೇ. ಈ ಮನೆಯಲ್ಲೂ ಆದದ್ದು ಅದೇ. ಕೊಳವೆಗೆ ವಿದ್ಯುತ್ ಕದ ಕೂರಿಸಿ, ಬರ್ನರ್ ಹೊತ್ತುವ ಮುನ್ನ ಅದು ತೆರೆಯುವಂತೆ, ಪೂರ್ತಿ ತೆರೆದದ್ದು ಖಚಿತವಾಗದೆ ಬರ್ನರ್ ಹೊತ್ತದಂತೆ ಜೋಡಿಸಬಹುದು. ಬಾಯ್ಲರಿಗೆ ಅದು ಸರಿ. ಆದರೆ ನಮ್ಮ ಬಿಸಿನೀರಿನ ಟ್ಯಾಂಕಿಗೆ ವಿದ್ಯುತ್ ಸಂಪರ್ಕವೇ ಇಲ್ಲ. ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆಯ ಶಾಖದಿಂದಲೇ ಅದರ ಕವಾಟ ಕೆಲಸ ಮಾಡುತ್ತದೆ, ಯಾವ ಹೊತ್ತಿನಲ್ಲಾದರೂ ತಾನೇ ಹೊತ್ತಿಕೊಳ್ಳುತ್ತದೆ. ಕದ ಮುಚ್ಚಿರುವಾಗ ಅದು ಹೊತ್ತಿಕೊಂಡರೆ ತಡೆಯುವವರಿಲ್ಲ. ಫ್ಯಾನಿನಿಂದ ಗಾಳಿ ತಳ್ಳುವ ಪೆಟ್ಟಿಗೆಗೂ ಇದೇ ಅಡ್ಡಿ. ಕೊಳವೆಯ ಒಳತುದಿಯನ್ನು ನೆಲದವರೆಗೆ ಇಳಿಸಿ ಬಕೆಟ್ಟಿನೊಳಗೆ ನಿಲ್ಲಿಸುವ ಪದ್ಧತಿಯೂ ಉತ್ತರದ ಚಳಿ ರಾಜ್ಯಗಳಲ್ಲಿದೆ. ಭಾರವಾದ ತಣ್ಣನೆಯ ಗಾಳಿ ಬಕೆಟ್ಟಿನಲ್ಲಿ ನಿಂತು, ಬೆಂಕಿ ಸೆಳೆದಾಗ ಮಾತ್ರ ಉಕ್ಕುತ್ತದೆ. ಒಂದೇ ಕಿಂಡಿಯ ಲೆಕ್ಕದಲ್ಲಿ ಬಾಯಿ ಚಾವಣಿಯ ಹತ್ತಿರವಿರಬೇಕಾದ್ದರಿಂದ ಅದನ್ನೂ ಬಿಟ್ಟೆ.

ಕಿಂಡಿ ಹಗಲಿರುಳು ತೆರೆದೇ ಇರಲಿ, ಬಾಯ್ಲರ್ ಕೋಣೆಯನ್ನೇ ಹೊರಗಿನದೆಂದು ಎಣಿಸೋಣ ಎಂದುಕೊಂಡೆ. ಕೋಣೆಗೂ ಮನೆಗೂ ನಡುವಿನ ಗೋಡೆಯಲ್ಲಿ ಶಾಖ ತಡೆಯುವ ಕಲ್ಲುಣ್ಣೆ (ರಾಕ್ ವುಲ್) ತುಂಬಿಸಿದೆ. ಬಾಗಿಲಿನ ಮೂರು ಅಂಚಿಗೆ ರಬ್ಬರ್ ಪಟ್ಟಿ, ಕೆಳಗೆ ಬ್ರಷ್ ಬದಲು ಗಟ್ಟಿ ರಬ್ಬರ್ ತುಟಿ. ಕೊಳವೆ, ತಂತಿ ಹಾದುಹೋಗುವ ರಂಧ್ರಗಳಿಗೆಲ್ಲ ಬೆಂಕಿ ನಿರೋಧಕ ಸೀಲೆಂಟ್. ಇದರಿಂದ ಚಳಿ ಮನೆಗೆ ಬಾರದು, ಅದರ ಜೊತೆಗೆ ಇನ್ನೂ ದೊಡ್ಡ ಲಾಭವಿದೆ: ಅಡುಗೆಮನೆಯ ಹುಡ್ ಎಷ್ಟು ಎಳೆದರೂ ಅದರ ಬಲ ಬಾಯ್ಲರ್ ಕೋಣೆಯನ್ನು ಮುಟ್ಟುವುದಿಲ್ಲ. ಕೋಣೆಯೊಳಗಿನ ತಣ್ಣೀರು ಕೊಳವೆಗಳಿಗೆಲ್ಲ ಫೋಮ್ ತೋಳು ತೊಡಿಸಿದೆ. ಕಿಂಡಿಯ ಕೆಳಗೆ ಎಂಟಂಗುಲ ಬಿಟ್ಟು ಒಂದು ತಗಡಿನ ಹಲಗೆ ಕಟ್ಟಿದೆ, ಒಳಬಂದ ಶೀತಗಾಳಿ ನೇರ ಕೊಳವೆಗಳ ಮೇಲೆ ಬೀಳದೆ ಬಾಯ್ಲರಿನ ಕಡೆಗೆ ಹರಡಲೆಂದು. ಹೊರಗೆ ಮೈನಸ್ 11 ಡಿಗ್ರಿ ಸೆಲ್ಸಿಯಸ್ ಇದ್ದ ರಾತ್ರಿ ಕೋಣೆಯ ಉಷ್ಣಮಾಪಕ ದಾಖಲಿಸಿದ ಕನಿಷ್ಠ 9 ಡಿಗ್ರಿ. ಬಾಯ್ಲರಿನ ಮೈಯ ಬಿಸಿಯೇ ಅಷ್ಟನ್ನು ಕಾಪಾಡುತ್ತದೆ. ನೀರು ಹೆಪ್ಪುಗಟ್ಟುವ ಭಯ ಅಂದಿಗೆ ತೀರಿತು.

ಆ ಕೋಣೆಯಲ್ಲಿದ್ದ ಬ್ಲೀಚ್, ಬಣ್ಣ ತೆಗೆಯುವ ದ್ರಾವಣಗಳನ್ನು ಬೇರೆಡೆಗೆ ಸಾಗಿಸಿದ್ದೂ ಈ ಕೆಲಸದ ಭಾಗವೇ. ಅವುಗಳ ಕ್ಲೋರಿನ್ ಆವಿ ಜ್ವಾಲೆಯನ್ನು ಹಾದಾಗ ಹೈಡ್ರೋಕ್ಲೋರಿಕ್ ಆಮ್ಲವಾಗಿ ಬರ್ನರನ್ನೂ ಹೊಗೆಕೊಳವೆಯನ್ನೂ ತಿನ್ನುತ್ತದೆ.

ಮತ್ತೆ ಪರೀಕ್ಷೆ. ಎಲ್ಲ ಬಾಗಿಲು, ಕಿಟಕಿ ಮುಚ್ಚಿ ಎಲ್ಲ ಫ್ಯಾನ್ ಓಡಿಸಿದೆ. ನೆಲಮಾಳಿಗೆಯ ಒತ್ತಡ ಮೊದಲಿನಷ್ಟೇ ಕುಸಿಯಿತು. ಬಾಯ್ಲರ್ ಕೋಣೆಯೊಳಗೆ ಮಾಪಕ ಒಂದು ಪ್ಯಾಸ್ಕಲ್ಲಿನ ಒಳಗೇ ನಿಂತಿತು. ಮೊದಲು ಟ್ಯಾಂಕೊಂದನ್ನೇ, ಆಮೇಲೆ ಎರಡನ್ನೂ ಹೊತ್ತಿಸಿದೆ. ಎರಡನೆಯ ನಿಮಿಷಕ್ಕೆಲ್ಲ ಊದುಬತ್ತಿಯ ಎಳೆ ತಗಡು ಟೋಪಿಯ ಅಂಚಿಗೆ ಬಂದು, ಬಾಗಿ, ಸರ್ರನೆ ಒಳಗೆ ಹೋಯಿತು. ಅಂಚಿನ ಸುತ್ತ ಎಲ್ಲಿ ಹಿಡಿದರೂ ಅದೇ. ಕನ್ನಡಕದ ಗಾಜು ಒಣಗಿಯೇ ಇತ್ತು. ಕಾರ್ಬನ್ ಮೊನಾಕ್ಸೈಡ್ ಮಾಪಕ ಸೊನ್ನೆ ತೋರಿಸುತ್ತಿತ್ತು. ನಂತರ ಪರವಾನಗಿಯುಳ್ಳ ತಂತ್ರಜ್ಞರೊಬ್ಬರು ಬಂದು ಬರ್ನರ್ ಶುಚಿಗೊಳಿಸಿ, ಹೊಗೆಕೊಳವೆಯೊಳಗೆ ವಿಶ್ಲೇಷಕ ಇಟ್ಟು ನೋಡಿದರು. ಬಾಯ್ಲರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಬೆರೆತ ಗಾಳಿ ಕಳೆದು, 50 ಪಿಪಿಎಂಗಿಂತ ಕಡಿಮೆ. ಮಿತಿ 400. ಪಟ್ಟಣದ ಇನ್‌ಸ್ಪೆಕ್ಟರ್ ಜಾಲರಿಯ ಕಣ್ಣನ್ನು ಅಳತೆಪಟ್ಟಿಯಿಂದ ಅಳೆದು ಸಹಿ ಹಾಕಿದರು.

ಅಂಗಡಿಯ ಅಲಾರಂ ಇದೆಯಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಇಲ್ಲಿ ಮಾರುವ ಸಾಮಾನ್ಯ ಅಲಾರಂ 70 ಪಿಪಿಎಂ ಇದ್ದರೂ ಮೊದಲ ಒಂದು ಗಂಟೆ ಸುಮ್ಮನಿರುತ್ತದೆ, ನಾಲ್ಕು ಗಂಟೆಯೊಳಗೆ ಕೂಗಿದರೆ ಸಾಕು. 30 ಪಿಪಿಎಂಗೆ 30 ದಿನವಾದರೂ ಕೂಗಬಾರದು ಎಂಬುದೇ ಅದರ ಮಾನದಂಡ. ಜೀವ ಉಳಿಸಲು ಅದು ಬೇಕು, ಮಲಗುವ ಕೋಣೆಗಳ ಹತ್ತಿರ ಇರಲೇಬೇಕು. ಆದರೆ ಚಿಕ್ಕ ಮಕ್ಕಳೂ ಹೃದ್ರೋಗಿಗಳೂ ದಿನವಿಡೀ ಇಪ್ಪತ್ತು ಪಿಪಿಎಂ ಉಸಿರಾಡುವುದನ್ನು ಅದು ಹೇಳುವುದಿಲ್ಲ. ಸಣ್ಣ ಪ್ರಮಾಣವನ್ನೂ ಅಂಕಿಯಲ್ಲಿ ತೋರಿಸುವ ಮಾಪಕವನ್ನು ಅದರ ಪಕ್ಕದಲ್ಲಿ ಇಟ್ಟಿದ್ದೇನೆ.

ಈ ಲೆಕ್ಕಗಳೆಲ್ಲ ತಲೆಯಲ್ಲಿದ್ದಾಗಲೇ ಬೆಂಗಳೂರಿನ ಅಕ್ಕನ ಮನೆಯ ಗ್ಯಾಸ್ ಗೀಸರ್ ನೆನಪಾಗಿ ನಿದ್ದೆ ಕೆಟ್ಟಿತು. ನಿಮಿಷಕ್ಕೆ 6 ಲೀಟರ್ ಕಾಯಿಸುವ ಗೀಸರ್ ಸುಮಾರು 12 ಕಿಲೋವಾಟ್ ಬೆಂಕಿ ಉರಿಸುತ್ತದೆ. ಅದು 40,000 ಬಿಟಿಯು, ನಮ್ಮ ಟ್ಯಾಂಕಿನ ಬರ್ನರಿನಷ್ಟೇ. ಇಲ್ಲಿನ ಲೆಕ್ಕದಂತೆ ಅದಕ್ಕೆ 2,000 ಘನ ಅಡಿ ಜಾಗ, ಹೊಗೆಕೊಳವೆ, ಚಿಮಣಿ ಎಲ್ಲ ಬೇಕು. ಅಕ್ಕನ ಮನೆಯಲ್ಲಿ ಅದು 5 ಅಡಿಗೆ 7 ಅಡಿಯ ಬಚ್ಚಲಿನೊಳಗೆ, ತಲೆಯ ಮೇಲೆ, ಹೊಗೆಕೊಳವೆಯಿಲ್ಲದೆ ನೇತಾಡುತ್ತಿತ್ತು. 280 ಘನ ಅಡಿಯ ಕೋಣೆ. ಅಂಥ ಬೆಂಕಿ ಹತ್ತು ನಿಮಿಷದಲ್ಲಿ ಎರಡು ಘನ ಮೀಟರ್ ಗಾಳಿಯ ಆಮ್ಲಜನಕ ತಿನ್ನುತ್ತದೆ, ಅಂದರೆ ಮುಚ್ಚಿದ ಆ ಬಚ್ಚಲಿನ ಕಾಲು ಭಾಗ. ಅಷ್ಟು ಆಮ್ಲಜನಕ ಇಳಿಯುವುದಕ್ಕೆ ಮೊದಲೇ ಜ್ವಾಲೆ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಉಗುಳತೊಡಗುತ್ತದೆ. ಸ್ನಾನಕ್ಕೆ ಹೋದವರು ಹೊರಬಾರದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುವುದು ಇದರಿಂದಲೇ.

“ವೆಂಟಿಲೇಟರ್ ಇದೆಯಲ್ಲೋ, ಗಾಜಿನ ಪಟ್ಟಿ ತೆರೆದೇ ಇರುತ್ತದೆ” ಎಂದಳು ಅಕ್ಕ. ಚಳಿಗೆ ಅದನ್ನು ಮುಚ್ಚುವುದಿಲ್ಲವೇ ಎಂದು ಕೇಳಿದಾಗ ಭಾವ ಫೋನ್ ತೆಗೆದುಕೊಂಡರು. “ಸಿಲಿಂಡರ್ ಹೊರಗೇ ಇದೆಯಪ್ಪ” ಎಂದರು. ಸಿಲಿಂಡರ್ ಹೊರಗಿದ್ದರೆ ಸೋರಿಕೆಯ ಭಯ ಕಡಿಮೆ, ನಿಜ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಆದರೆ ಉರಿಯುವುದು ಬಚ್ಚಲಿನೊಳಗೇ ತಾನೇ ಎಂದು ಲೆಕ್ಕ ಬಿಡಿಸಿ ಹೇಳಿದ ಮೇಲೆ ಅವರು ಸುಮ್ಮನಾದರು. ಆ ತಿಂಗಳೇ ಗೀಸರನ್ನು ಅಡುಗೆಮನೆಯ ಹಿಂದಿನ ತೆರೆದ ಯುಟಿಲಿಟಿಯ ಗೋಡೆಗೆ ವರ್ಗಾಯಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಬಚ್ಚಲಿಗೆ ತಂದರು. ಕೊಳವೆ ಉದ್ದವಾದ್ದರಿಂದ ಬಿಸಿನೀರು ಬರಲು ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆಯಂತೆ. ಯುಟಿಲಿಟಿಗೆ ಗಾಜು ಹಾಕಿಸಿ ಮುಚ್ಚಬಾರದೆಂದು ನಾನು ಪ್ರತಿ ಸಲವೂ ನೆನಪಿಸುತ್ತೇನೆ.

ನಮ್ಮ ಕಿಂಡಿಯ ಪ್ಲೈವುಡ್ ಹಲಗೆಯ ಮೇಲೆ ಒಂದು ಲೋಹದ ಫಲಕ ತಿರುಪಿದ್ದೇನೆ. 1,40,000 ಬಿಟಿಯು, 47 ಚದರ ಅಂಗುಲ, ಮುಚ್ಚಬೇಡಿ ಎಂದು ಅದರಲ್ಲಿ ಕೆತ್ತಿಸಿದೆ. ಮುಂದೆ ಈ ಮನೆ ಕೊಳ್ಳುವವರು ಲೆಕ್ಕವನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಗಿಲ್ಲ. ಬೇಸಿಗೆಯ ಆರಂಭದಲ್ಲಿ ಮರಗಳ ಹತ್ತಿಯಂಥ ನಯವಾದ ಬೀಜ ಗಾಳಿಯಲ್ಲಿ ಹಾರಿ ಜಾಲರಿಗೆ ಮೆತ್ತಿಕೊಳ್ಳುತ್ತದೆ, ಒಣ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಶರತ್ಕಾಲದಲ್ಲಿ ಎಲೆ ಉದುರಿದ ಮೇಲೆ ಇನ್ನೊಮ್ಮೆ. ಬಿಸಿನೀರಿನ ಟ್ಯಾಂಕಿಗೆ ವಯಸ್ಸಾಗಿದೆ. ಅದು ಹೋದಾಗ ವಿದ್ಯುತ್ತಿನ ಹೀಟ್ ಪಂಪ್ ಮಾದರಿ ಹಾಕಿಸುವ ಯೋಚನೆಯಿದೆ. ಆಗ ಬೆಂಕಿ 1,00,000ಕ್ಕೆ ಇಳಿಯುತ್ತದೆ, ಬಾಯ್ಲರ್ ಒಂದೇ ಉಳಿಯುವ ಚಿಮಣಿಯ ಅಳತೆಯನ್ನು ತಂತ್ರಜ್ಞರಿಂದ ಮತ್ತೆ ಲೆಕ್ಕ ಹಾಕಿಸಬೇಕು, ವಿದ್ಯುತ್ ಕದ ಕೂರಿಸಲು ಇದ್ದ ಅಡ್ಡಿಯೂ ತೊಲಗುತ್ತದೆ.